ನೀಲಕ್ಕನಿಗೆ ಹತ್ತಿದ ಅಂಬರ್ ಅತ್ತರು

ಕುಷಾಯಿಗೂಡದ ನೀಲಕ್ಕ ಮದುವೆ ಮನೆಗೆ ಹೋದರೂ ಪೌಡರ್ ಹಚ್ಚಿದವಳಲ್ಲ. ಜಿಪುಣತನವೇನಲ್ಲ, ನೌಕರಿ ಅಂಥದು. ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ಕ್ಲೀನ್ ರೂಮಿನಲ್ಲಿ ಕೂತು, ಸಾಸಿವೆಗಿಂತ ಸಣ್ಣ ಬಿಡಿಭಾಗಗಳನ್ನು ಬೋರ್ಡಿಗೆ ಜೋಡಿಸುವುದು ಅವಳ ಕೆಲಸ. ಧೂಳಿಗಷ್ಟೇ ಅಲ್ಲ, ಸೆಂಟಿಗೂ ಅಲ್ಲಿ ಪ್ರವೇಶವಿಲ್ಲ. ಈ ವಿಷಯದಲ್ಲಿ ನೀಲಕ್ಕ ಸಾಹೇಬರಿಗಿಂತ ಕಟ್ಟುನಿಟ್ಟು.

ಇಂಥ ನೀಲಕ್ಕನಿಗೂ ನಿವೃತ್ತಿ ಬಂತು. ಕೊನೆಯ ದಿನ ಒಂದಾದರೂ ಬೋರ್ಡನ್ನು ತನ್ನ ಕೈಯಾರೆ ಮುಗಿಸಿ ಏಳಬೇಕೆಂಬುದು ಅವಳ ಆಸೆ. ಅದರ ಹಿಂದಿನ ದಿನ ರವಿವಾರ. ಗಂಡ ಶಿವಾನಂದ, ಇನ್ನು ಮುಂದಾದರೂ ನೀನು ಘಮಘಮ ಅನ್ನು ಎಂದು ಅವಳನ್ನು ಚಾರ್‌ಮಿನಾರ್ ಹತ್ತಿರದ ಅತ್ತರ್ ಅಂಗಡಿಗೆ ಎಳೆದುಕೊಂಡು ಹೋದ. ಅಂಗಡಿಯವನು ಗಾಜಿನ ಕಡ್ಡಿಯಿಂದ ಮುಂಗೈಗೆ ಒಂದು ಹನಿ ಅಂಬರ್ ತೀಡಿದ. ಮೊದಲು ಲವಂಗದ ಖಾರ, ಆಮೇಲೆ ದಾಲ್ಚಿನ್ನಿ, ಬರಬರುತ್ತ ಚಳಿಯಲ್ಲಿ ಕಂಬಳಿ ಹೊದ್ದಂಥ ಹಿತ. ನೀಲಕ್ಕನಿಗೆ ನಾಳೆಯ ಕೆಲಸ ಮರೆತೇಹೋಯಿತು. ಇನ್ನೊಂದು ಕೈಯನ್ನು ತಾನೇ ಚಾಚಿದಳು. ಇದು ಎರಡು ದಿನ ಮೈಬಿಟ್ಟು ಹೋಗದ ಮಾಲು ಎಂದು ಅಂಗಡಿಯವನು ಕೊಚ್ಚಿಕೊಂಡಾಗಲೇ ಅವಳಿಗೆ ಕ್ಲೀನ್ ರೂಮು ನೆನಪಾದದ್ದು.

ಮನೆಗೆ ಬಂದು ಸಾಬೂನಾಯಿತು, ಕಡಲೆಹಿಟ್ಟಾಯಿತು, ನಿಂಬೆಹಣ್ಣೂ ಆಯಿತು. ಜಪ್ಪಯ್ಯ ಅಂದರೂ ಅಂಬರ್ ಹೋಗಲಿಲ್ಲ. ನಿಂಬೆ ಕೂಡಿ ಇನ್ನಷ್ಟು ಸೊಗಸಾಯಿತು ಅಷ್ಟೇ. ಶಿವಾನಂದ ನಗು ತಡೆಯಲಾರದೆ ಬಾಲ್ಕನಿಗೆ ಹೋಗಿ ನಿಂತ.

ಬೆಳಿಗ್ಗೆ ಕ್ಲೀನ್ ರೂಮಿನ ಬಾಗಿಲಲ್ಲಿ ತಪಾಸಣೆಗೆ ನಿಂತವಳು ಪಿಂಕಿ. ಬೀದರ್ ಕಡೆಯ ಹುಡುಗಿ, ನೀಲಕ್ಕನ ಕೈಯಲ್ಲಿ ಪಳಗಿದವಳು. ಅವಳ ಮೂಗು ಅರಳಿತು, ಮುಖ ಬಾಡಿತು. ಇದೊಂದು ದಿನ ನನಗೆ ನೆಗಡಿ ಅಂದುಕೊಳ್ಳುತ್ತೇನೆ, ಒಳಗೆ ನಡೆಯಿರಿ ಎಂದು ಪಿಸುಗುಟ್ಟಿದಳು.

"ಬ್ಯಾಡ ತಂಗಿ. ನಿನ್ನ ಜಾಗಾದಾಗ ನಾ ಇದ್ರ ಬಿಡ್ತಿದ್ದಿಲ್ಲ" ಎಂದು ನೀಲಕ್ಕ ಹೊರಗಿನ ಬೆಂಚಿನ ಮೇಲೆ ಕೂತುಬಿಟ್ಟಳು. ಕೊನೆಯ ಬೋರ್ಡ್ ಕೈತಪ್ಪಿತಲ್ಲ ಎಂದು ಅವಳಿಗೆ ಅಳುವೇ ಬಂತು.

ಚಹಾದ ಹೊತ್ತಿಗೆ ಹುಡುಗಿಯರೆಲ್ಲ ಹೊರಬಂದರು. ಮುಟ್ಟಿದರೆ ಅತ್ತರು ತಮಗೂ ಹತ್ತೀತೆಂದು ಮಾರು ದೂರದಲ್ಲೇ ನಿಂತು ಮಾತಾಡಿಸಿದರು. ಪಿಂಕಿಗೆ ಮಾತ್ರ ತಡೆಯಲಾಗಲಿಲ್ಲ. ನೇರ ಬಂದವಳೇ ಗಟ್ಟಿಯಾಗಿ ತಬ್ಬಿಕೊಂಡು, ನೀಲಕ್ಕನ ಎರಡೂ ಮುಂಗೈಗಳನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು.

"ಇವತ್ತ ನನಗೂ ಒಳಗ ಬಿಡಂಗಿಲ್ಲರಿ ಅಕ್ಕಾರ. ಸ್ವಲ್ಪ ಆಕಡೆ ಸರೀರಿ" ಎಂದಳು.

ಬೈಯಬೇಕೆಂದು ಬಾಯಿ ತೆರೆದ ನೀಲಕ್ಕ, ಕಣ್ಣೊರೆಸಿಕೊಂಡು ಸರಿದು ಜಾಗ ಕೊಟ್ಟಳು.