ಉಸಿರಕ್ಕನ ಕೈಗೆ ಸಿಕ್ಕ ಮಾತಿನಮಲ್ಲ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಸಿ.ಟಿ. ಸ್ಕ್ಯಾನ್ ಮಾಡುವ ಹೆಂಗಸಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಅದನ್ನು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ದಿನವಿಡೀ "ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಬಿಡಿ" ಅನ್ನುವವಳು ಉಸಿರಕ್ಕ ಆಗದೆ ಇನ್ನೇನಾದಾಳು? ಈ ಮಾತು ಹೇಳುವುದಕ್ಕೆ ಯಂತ್ರದೊಳಗೇ ಒಂದು ಧ್ವನಿ ಇತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲೇ ಅವಳು ಅದರ ಬಾಯಿ ಮುಚ್ಚಿಸಿದ್ದಳು. ಹೆದರಿ ಮಲಗಿದವರನ್ನು ಮನುಷ್ಯರೇ ಮಾತಾಡಿಸಬೇಕು ಅನ್ನುವುದು ಅವಳ ಹಟ. ಕೋಪ ಮಾತ್ರ ಮೂಗಿನ ತುದಿಯಲ್ಲೇ ಇರುತ್ತಿತ್ತು. ರೋಗಿಯ ಪಾದ ತಣ್ಣಗಿದ್ದರೆ, ಕಾಲುಚೀಲ ತರದ ಮನೆಯವರನ್ನು ಬೈಯುತ್ತ ಬೈಯುತ್ತಲೇ ತನ್ನ ಶಾಲು ತಂದು ಹೊದಿಸುತ್ತಿದ್ದಳು.

ಅಂಥವಳ ಕೈಗೆ ಒಂದು ಬೆಳಿಗ್ಗೆ ಮುದುಕ ಕ್ಷೌರಿಕನೊಬ್ಬ ಸಿಕ್ಕಿದ. ಹೊಟ್ಟೆಯೊಳಗಿನ ದೊಡ್ಡ ರಕ್ತನಾಳ ಒಂದು ಕಡೆ ಬಲೂನಿನಂತೆ ಉಬ್ಬಿತ್ತು. ಅದು ಒಡೆದರೆ ಆಸ್ಪತ್ರೆ ತಲುಪುವುದೇ ಕಷ್ಟ. ಎದೆಯ ಗುಂಡಿಗೆ ನಿಶ್ಶಕ್ತವಾದ್ದರಿಂದ ಹೊಟ್ಟೆ ಕೊಯ್ದು ರಿಪೇರಿ ಮಾಡಿದರೆ ಅವನು ತಡೆದುಕೊಳ್ಳುವುದು ಅನುಮಾನ. ಉಳಿದದ್ದು ಒಂದೇ ದಾರಿ: ತೊಡೆಸಂದಿಯಿಂದ ಬಟ್ಟೆ ಹೊದಿಸಿದ ಕೊಳವೆಯೊಂದನ್ನು ತೂರಿಸಿ, ಉಬ್ಬಿದ ಜಾಗದೊಳಗೆ ಕೂರಿಸುವುದು. ಆ ಕೊಳವೆ ಕಚ್ಚಿ ನಿಲ್ಲಬೇಕಾದರೆ ಉಬ್ಬಿಗಿಂತ ಮೇಲೆ ಒಂದಿಷ್ಟು ಗಟ್ಟಿ ನಾಳ ಉಳಿದಿರಬೇಕು. ಉಳಿದಿದೆಯೋ ಇಲ್ಲವೋ, ಸ್ಕ್ಯಾನ್ ಹೇಳಬೇಕು. ಅದಕ್ಕೆ ಕೈಯ ನರಕ್ಕೆ ಬಣ್ಣದ ಔಷಧಿ ಕೊಡಬೇಕು. ಮೂತ್ರಪಿಂಡ ಸೋತಿದ್ದ ಆ ಮುದುಕನಿಗೆ ಅದನ್ನು ಒಂದೇ ಸಲ ಕೊಡಬಹುದಿತ್ತು. ಆಗ ಅವನು ಉಸಿರಾಡಿಬಿಟ್ಟರೆ ಚಿತ್ರ ಕಲಸಿಹೋಗಿ, ಎಲ್ಲಾ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ಔಷಧಿ ಕೊಡುವ ಮೊದಲು ಉಸಿರಕ್ಕ ಅಭ್ಯಾಸ ಮಾಡಿಸಿದಳು. ಗಾಜಿನ ಆಚೆ ಕೂತು, ಮೈಕಿನ ಗುಂಡಿ ಒತ್ತಿ, "ಯಜಮಾನ್ರೇ, ಉಸಿರು ಎಳ್ಕೊಳ್ಳಿ. ಹಿಡ್ಕೊಳ್ಳಿ" ಅಂದಳು.

"ಹಿಡ್ಕೊಂಡೆ ತಾಯಿ."

"ಹಿಡ್ಕೊಂಡೆ ಅಂತ ಹೇಳಿದ್ರೆ ಬಿಟ್ಟ ಹಾಗೇ ಅಲ್ವಾ? ಬಾಯಿ ಮುಚ್ಚಿರಬೇಕು. ಇನ್ನೊಂದು ಸಲ. ಎಳ್ಕೊಳ್ಳಿ. ಹಿಡ್ಕೊಳ್ಳಿ."

"ಹ್ಞೂಂ."

"ಹ್ಞೂಂ ಅನ್ನೋ ಹಾಗೂ ಇಲ್ಲ!"

"ಆಯ್ತು ತಾಯಿ, ಅನ್ನಲ್ಲ. ತಪ್ಪು ತಿಳ್ಕೋಬೇಡಿ. ಅಂಗಡೀಲಿ ಗಿರಾಕಿ ಮಾತಾಡಿಸಿದ ಮೇಲೆ ಸುಮ್ನಿದ್ರೆ ಮರ್ಯಾದೆ ಅಲ್ಲ. ಅಭ್ಯಾಸ ಆಗ್ಹೋಗಿದೆ. ಅಂದ ಹಾಗೆ, ನಿಮ್ಮ ಸರ್ಜನ್ ತಲೆಗೂದಲು ಕತ್ತರಿಸಿದ ಪುಣ್ಯಾತ್ಮ ಯಾರು? ಒಂದು ಕಿವಿ ಹತ್ರ ಮೇಲೆ, ಇನ್ನೊಂದು ಕಿವಿ ಹತ್ರ ಕೆಳಗೆ!"

ಉಸಿರಕ್ಕನಿಗೆ ನಗು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ಮತ್ತೆ ಹೇಳಿದಳು, ಅವನು ಮತ್ತೆ ಉತ್ತರ ಕೊಟ್ಟ. ಇವನ ಬಾಯಿಗೆ ಬೀಗ ಹಾಕುವವರು ಯಾರಪ್ಪಾ ಎಂದುಕೊಂಡು ಹೊರಗೆ ಬಂದಳು. ಬೆಂಚಿನ ಮೇಲೆ ಅವನ ಹೆಂಡತಿ ಗಂಡನ ಚಪ್ಪಲಿಯನ್ನು ಚೀಲದಲ್ಲಿಟ್ಟುಕೊಂಡು ಕೂತಿದ್ದಳು.

"ಅಮ್ಮಾ, ನಿಮ್ಮ ಯಜಮಾನ್ರು ಒಂದು ಗಳಿಗೆ ಸುಮ್ನಿರೋಕೆ ಏನು ಮಾಡ್ಬೇಕು ಹೇಳಿ."

ಆಕೆ ಕಣ್ಣರಳಿಸಿದಳು. "ಅವರು ಮಾತಾಡ್ತಿದಾರಾ? ಡಾಕ್ಟರು ಕಾಯಿಲೆ ಹೇಳಿದ ದಿನದಿಂದ ನನ್ನ ಹತ್ರ ತುಟಿ ಬಿಚ್ಚಿಲ್ಲ. ಊಟ ಬಡಿಸಿದ್ರೆ ಉಣ್ತಾರೆ, ಗೋಡೆ ಕಡೆ ತಿರುಗಿ ಮಲಗ್ತಾರೆ, ಅಷ್ಟೇ."

ಉಸಿರಕ್ಕನ ಸಿಟ್ಟು ಜರ್ರನೆ ಇಳಿಯಿತು. ಆಕೆಯನ್ನು ಕೈಹಿಡಿದು ಒಳಗೆ ಕರೆತಂದು ಗಾಜಿನ ಹಿಂದೆ ಕೂರಿಸಿದಳು. ಒಳಗೆ ಮುದುಕ, ಕೇಳುವವರಿದ್ದಾರೋ ಇಲ್ಲವೋ ನೋಡದೆ, ಯಂತ್ರಕ್ಕೇ ಏನೋ ಹೇಳುತ್ತಿದ್ದ. ಆಕೆ ಸ್ಪೀಕರಿನ ಹತ್ತಿರ ಬಾಗಿ ಕಿವಿಗೊಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಅಂದಳು, "ಗಿರಾಕಿ ಗಂಟಲ ಮೇಲೆ ಕತ್ತಿ ಆಡಿಸೋವಾಗ ಮಾತ್ರ ಅವರು ಸುಮ್ನಿರ್ತಾರೆ. ಮದುವೆಯಾದ ಹೊಸದ್ರಲ್ಲಿ ನಾನು ಅಂಗಡಿ ಬಾಗಿಲಲ್ಲಿ ನಿಂತು ಕೂಗಿದ್ರೂ ತಿರುಗಿ ನೋಡ್ತಿರಲಿಲ್ಲ."

ಉಸಿರಕ್ಕ ಒಳಗೆ ಹೋಗಿ ಅವನ ತಲೆಯ ಪಕ್ಕ ನಿಂತಳು. "ಯಜಮಾನ್ರೇ, ಗಂಟಲ ಮೇಲೆ ಕತ್ತಿ ಇಟ್ಟಿದೀರಿ. ಆಗ ಯಾರಾದ್ರೂ ಮಾತಾಡಿಸಿದ್ರೆ?"

"ಆಕಾಶ ಕಳಚಿ ಬಿದ್ರೂ ಮಾತಾಡಲ್ಲ. ಉಸಿರೂ ಬಿಡಲ್ಲ. ಅದು ಇನ್ನೊಬ್ರ ಜೀವ."

"ಈಗ ಕತ್ತಿ ಅಲ್ಲೇ ಇದೆ ಅಂದ್ಕೊಳ್ಳಿ. ನಾನು ಬಿಡಿ ಅಂದಾಗ ತೆಗೀರಿ."

"ಯಾರ ಗಂಟಲು ತಾಯಿ?"

"ನಂದೇ."

ಮುದುಕನ ಮುಖ ಗಂಭೀರವಾಯಿತು. ಉಸಿರಕ್ಕ ಗಾಜಿನ ಈಚೆ ಬಂದಳು. ಔಷಧಿ ನರಕ್ಕಿಳಿಯಿತು. "ಎಳ್ಕೊಳ್ಳಿ. ಹಿಡ್ಕೊಳ್ಳಿ." ಉತ್ತರವಿಲ್ಲ. ಹಾಸಿಗೆ ಯಂತ್ರದೊಳಗೆ ಸರಿಯಿತು. ಅವನ ಹೊಟ್ಟೆ ಒಂದಿಷ್ಟೂ ಅಲುಗಲಿಲ್ಲ. "ಬಿಡಿ" ಅಂದಾಗ ಹೋದ ಜೀವ ಬಂದದ್ದು ಉಸಿರಕ್ಕನಿಗೆ.

ಪರದೆಯ ಮೇಲೆ ನಾಳದ ಅಂಚು ಗೆರೆ ಕೊರೆದಷ್ಟು ಸ್ಪಷ್ಟವಾಗಿ ಮೂಡಿತ್ತು. ಕರೆ ಮಾಡಿದಾಗ ಸರ್ಜನ್ ಬಂದ, ಅಳೆದ, ಚಿತ್ರ ತಿರುಗಿಸಿ ಮತ್ತೆ ಅಳೆದ. ಆಮೇಲೆ ಹೆಂಡತಿಯ ಕಡೆ ತಿರುಗಿ, "ಕೊಳವೆ ಹಿಡಿಯೋಕೆ ಜಾಗ ಇದೆ ಅಮ್ಮಾ. ಹೊಟ್ಟೆ ಕೊಯ್ಯೋದು ಬೇಡ" ಅಂದ. ಆಕೆಗೆ ಕೈಮುಗಿಯಲೂ ತೋಚಲಿಲ್ಲ.

ಈ ಸುದ್ದಿ ಹೇಳಲೆಂದೇ ಉಸಿರಕ್ಕ ಸೂಜಿ ತೆಗೆಯುವ ನೆವದಲ್ಲಿ ಒಳಗೆ ಓಡಿದಳು. ಕೇಳಿ ಮುದುಕ ಎದ್ದು ಕೂತ.

"ಹೋಗಿ, ಮನೆಯವರನ್ನ ಮಾತಾಡಿಸಿ," ಅಂದಳು ಉಸಿರಕ್ಕ. "ಪಾಪ, ನಿಮ್ಮ ಒಂದು ಮಾತಿಗೆ ಕಾಯ್ತಿದಾರೆ."

"ನಿಮ್ಮ ಹತ್ರ ಎಷ್ಟು ಬೇಕಾದ್ರೂ ಆಡ್ತೀನಿ ತಾಯಿ. ಅವಳ ಮುಂದೆ ಬಾಯಿ ತೆಗೆದ್ರೆ ಅಳು ಬರುತ್ತೆ. ನಾನು ಅತ್ರೆ ಅವಳು ಉಳೀತಾಳಾ?"

ಸ್ಪೀಕರ್ ಆರಿಸುವುದನ್ನು ಉಸಿರಕ್ಕ ಮರೆತಿದ್ದಳು. ಬಾಗಿಲು ತೆರೆಯಿತು. ಹೆಂಡತಿ ನೇರ ಬಂದು ಚೀಲದಿಂದ ಚಪ್ಪಲಿ ತೆಗೆದು ಅವನ ಕಾಲ ಬಳಿ ಇಟ್ಟಳು.

"ಅತ್ತುಬಿಡಿ," ಅಂದಳು. "ಒಂದು ವಾರದಿಂದ ನಾನು ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅಳ್ತಿದೀನಿ. ಏನು ಸತ್ತುಹೋದೆನಾ?"

"ಗೊತ್ತು ಕಣೇ," ಅಂದ ಮುದುಕ. "ಆಚೆ ಬಚ್ಚಲ ಬಾಗಿಲಿಗೆ ಒರಗಿ ನಾನೂ ನಿಂತಿರ್ತಿದ್ದೆ."