ಕಾರ್ಡಿನ ಬೆನ್ನ ಮೇಲೆ ಬರೆದದ್ದು

ನನ್ನ ಮೇಜಿನ ಮೇಲೆ ಬಿಸ್ಕೀಟಿನ ಹಳೆಯ ತಗಡಿನ ಡಬ್ಬಿಯೊಂದಿದೆ. ಅದರೊಳಗೆ ನೂರಾರು ಜನ ಒಬ್ಬರ ಬೆನ್ನಿಗೊಬ್ಬರು ಒರಗಿ ನಿಂತಿದ್ದಾರೆ. ಗಾಬರಿಯಾಗಬೇಡಿ, ಎಲ್ಲ ವಿಸಿಟಿಂಗ್ ಕಾರ್ಡುಗಳು. ತೊಂಬತ್ತರ ದಶಕದ ಆರಂಭದಲ್ಲಿ ಗೋವೆಯಲ್ಲಿ ಎಂ.ಬಿ.ಎ. ಓದುತ್ತಿದ್ದಾಗ ನಮ್ಮ ಪ್ರಾಧ್ಯಾಪಕರು ಕಲಿಸಿದ ವಿದ್ಯೆಯ ಫಲವಿದು. ಯಾರು ಸಿಕ್ಕರೂ ಕಾರ್ಡು ಇಸಿದುಕೊಳ್ಳಿ, ಹಿಂಬದಿಗೆ ಅವರ ಮಗನ ಪರೀಕ್ಷೆ, ಮಡದಿಯ ಕಾಯಿಲೆ ಬರೆದಿಡಿ, ಮುಂದಿನ ಸಲ ಮೊದಲು ಅದನ್ನೇ ವಿಚಾರಿಸಿ, ಎಂಥ ಕಲ್ಲೂ ಕರಗುತ್ತದೆ ಎನ್ನುತ್ತಿದ್ದರು. ನನಗೆ ಒಳಗೊಳಗೇ ನಗು. ವಿಜಾಪುರದ ಕಡೆಯ ನಮ್ಮಜ್ಜಿ, ಹಾದಿಯಲ್ಲಿ ಸಿಕ್ಕವರ ಎಮ್ಮೆ ಈದದ್ದರಿಂದ ಹಿಡಿದು ಸೊಸೆಯ ಬಸಿರಿನವರೆಗೆ ಎಲ್ಲವನ್ನೂ ಕೇಳದೆ ಮುಂದೆ ಹೆಜ್ಜೆ ಇಟ್ಟವಳಲ್ಲ. ಅಕ್ಷರ ಬಾರದ ಅವಳು ಎಲ್ಲವನ್ನೂ ಮನಸ್ಸಿನಲ್ಲಿಯೇ ಇಟ್ಟುಕೊಳ್ಳಬೇಕಾಗಿತ್ತು. ನನಗೆ ಅಕ್ಷರ ಬರುತ್ತಿತ್ತು. ಅನರ್ಥಕ್ಕೆ ಅಷ್ಟೇ ಸಾಕಾಯಿತು.

ಓದಿನ ಆ ಎರಡು ವರ್ಷ ಭಾನುವಾರದ ನನ್ನ ಊಟವೆಲ್ಲ ಹತ್ತಿರದ ಚಿಂಬಲ್‌ನಲ್ಲಿ, ನಮ್ಮೂರಿನ ಗೌಂಡಿ ಭೀಮಪ್ಪ ಕಾಕಾನ ಖೋಲಿಯಲ್ಲಿ. ಅವನ ಹೆಂಡತಿ ಕಾಕೂ ನೋಯುವ ಮೊಣಕಾಲು ಹಿಡಿದುಕೊಂಡೇ ಎದ್ದು ರೊಟ್ಟಿ ಬಡಿಯುತ್ತಿದ್ದಳು. "ಹಾಸ್ಟೆಲಿನ್ಯಾಗ ಬರೇ ಇಂಗ್ಲೀಷ್ ತಿಂತೀ ಕಾಣ್ತೈತಿ, ಹೆಂಗ ಸೊರಗೀ ನೋಡು" ಎಂದು ಛೇಡಿಸುತ್ತ ಇನ್ನೊಂದು ರೊಟ್ಟಿ ಹಾಕುತ್ತಿದ್ದಳು. ಕಲಂಗುಟ್‌ನ ಹೋಟೆಲಿನಲ್ಲಿ ನನಗೆ ನೌಕರಿ ಸಿಕ್ಕಿದ್ದೂ ಕಾಕಾನಿಂದಲೇ. ಅದರ ಗೋಡೆ ಕಟ್ಟಿದ ಪರಿಚಯದ ಮೇಲೆ ನನ್ನನ್ನು ಒಳಗೆ ಕರೆದೊಯ್ದು ನಿಲ್ಲಿಸಿದ್ದ. ಮುಂದೆ ಅವನು ಸ್ವಂತ ಗ್ಯಾಂಗು ಕಟ್ಟಿಕೊಂಡಾಗ ನಾನೇ ಅವನಿಗೆ ಕಾರ್ಡು ಮುದ್ರಿಸಿ ಕೊಟ್ಟೆ. ಮೊದಲ ಕಾರ್ಡಿನ ಬೆನ್ನ ಮೇಲೆ ಒಂದು ಸಾಲು ಗೀಚಿ ಡಬ್ಬಿಗೆ ಸೇರಿಸಿದೆ.

ಕೆಲ ವರ್ಷಗಳ ಮೇಲೆ ಹೋಟೆಲಿಗೆ ಹೊಸ ಕಟ್ಟಡ ಬಂತು. ಗೌಂಡಿ ಕೆಲಸ ಕೇಳಲು ಕಾಕಾ ಬಂದ. ಕಾರವಾರದ ಕಡೆಯ ನಮ್ಮ ಮ್ಯಾನೇಜರು ಎದುರಿಗಿದ್ದರು. ನಾನು ಅಭ್ಯಾಸಬಲದಿಂದ ಡಬ್ಬಿಯೊಳಗಿನ ಅವನ ಕಾರ್ಡನ್ನು ತೆಗೆದು ತಿರುವಿ ನೋಡಿ, ನಗುತ್ತ ಕೇಳಿದೆ: "ಕಾಕೂ ಹೆಂಗದಾಳ್ರಿ ಕಾಕಾ? ಮೊಣಕಾಲ ಬ್ಯಾನಿ ಕಡಿಮಿ ಆತೇನ್ರಿ?"

ಟೊಪ್ಪಿಗೆ ತೆಗೆಯುತ್ತಿದ್ದ ಕಾಕಾನ ಕೈ ಅರೆಕ್ಷಣ ನಿಂತಿತು.

"ಆರಾಮ ಅದಾಳಪಾ. ನಿನ್ನ ಭಾಳ ನೆನಸತಾಳ."

"ನೋಡಿ, ಸಂಬಂಧ ಅಂದ್ರೆ ಇದು!" ಎಂದು ಮ್ಯಾನೇಜರು ಹಿಗ್ಗಿದರು. ಕೆಲಸ ಕಾಕಾನಿಗೇ ಸಿಕ್ಕಿತು.

ಬೀಗುತ್ತಲೇ ಅವನನ್ನು ಗೇಟಿನವರೆಗೆ ಕಳಿಸಲು ಹೋದೆ. ಅಲ್ಲಿ ಅವನು ನಿಂತು, ಸುತ್ತ ಯಾರೂ ಇಲ್ಲವೆಂದು ನೋಡಿ, ದನಿ ತಗ್ಗಿಸಿದ: "ತಮ್ಮಾ, ಆ ಕಾರ್ಡಿನ್ಯಾಗ ಕಾಕೂನ ಹೆಸರ ಹೊಡದ ಹಾಕ್ಕೋ. ನಾಳಿ ಮತ್ಯಾರ ಮುಂದರ ಕೇಳಿಗೀಳೀ, ನಿನ್ನ ಮರ್ಯಾದಿ ಹೋಗ್ತೈತಿ."

ಕಾಕೂ ತೀರಿಕೊಂಡು ಎಂಟು ತಿಂಗಳಾಗಿತ್ತು. ನಾನೇ ಹೋಗಿ ಕುಣಿಗೆ ಮಣ್ಣು ಹಾಕಿ ಬಂದಿದ್ದೆ. ಇಷ್ಟೇ ಆಗಿದ್ದರೆ ಮರೆವು ಎಂದು ನಿಮ್ಮೆದುರು ತಲೆ ಕೆರೆದುಕೊಂಡು ಪಾರಾಗುತ್ತಿದ್ದೆ. ಆದರೆ, ಗೆಳೆಯರೆ, ಹೇಳಲು ನಾಲಗೆ ಏಳುವುದಿಲ್ಲ: ಅಂದು ಅಲ್ಲಿ ಸಿಕ್ಕ ಸಿಮೆಂಟು ವ್ಯಾಪಾರಿಯೊಬ್ಬನ ಕಾರ್ಡು ಇಸಿದುಕೊಂಡು, ಮರಳುವಾಗ ಬಸ್ಸಿನಲ್ಲಿಯೇ ಅವನ ಮಗಳ ಶಾಲೆಯ ವಿಷಯವನ್ನು ಬರೆದುಕೊಂಡಿದ್ದೆ. ಕೈಗೆ ಹತ್ತಿದ ಮಣ್ಣು ಆ ಕಾರ್ಡಿಗೂ ಹತ್ತಿತ್ತು. ಅನ್ಯರ ಸುಖದುಃಖಗಳನ್ನು ಹೊರುವ ಭಾರವನ್ನು ಕಾಗದಕ್ಕೆ ವಹಿಸಿ ಹಗುರಾಗಿ ತಿರುಗುತ್ತಿದ್ದ ನನ್ನನ್ನು ಕಾಪಾಡಲು ಕಾಕಾ, ಸತ್ತ ಹೆಂಡತಿಯನ್ನು ನಾಲ್ಕು ಮಾತಿನ ಮಟ್ಟಿಗೆ ಬದುಕಿಸಬೇಕಾಗಿ ಬಂತು.

ಮೇಲೆ ಬಂದು ಪೆನ್ನು ತೆಗೆದೆ. ಕಾರ್ಡಿನ ಹಿಂದೆ ಇದ್ದದ್ದು ಇಷ್ಟೇ: 'ಹೆಂಡತಿ. ಮೊಣಕಾಲು ನೋವು. ವಿಚಾರಿಸಬೇಕು.' ಹೊಡೆದುಹಾಕಲು ಅಲ್ಲಿ ಹೆಸರೇ ಇರಲಿಲ್ಲ. ಎರಡು ವರ್ಷ ಅವಳ ಕೈಯ ರೊಟ್ಟಿ ತಿಂದವನಿಗೆ ಅದು ಗೊತ್ತೂ ಇರಲಿಲ್ಲ.

ಆ ಭಾನುವಾರ, ಕ್ಷಮೆಯ ಮಾತುಗಳನ್ನು ಬಾಯಿಪಾಠ ಮಾಡಿಕೊಂಡು ಚಿಂಬಲ್‌ಗೆ ಹೋದೆ. ಅವನ ಎದುರು ಕೂತಾಗ ಬಾಯಿಗೆ ಬಂದದ್ದು ಒಂದೇ ಪ್ರಶ್ನೆ: "ಕಾಕೂನ ಹೆಸರೇನ್ರಿ ಕಾಕಾ?"

ನಮ್ಮ ಕಡೆ ಗಂಡಸರು ಹೆಂಡತಿಯನ್ನು ಹೆಸರು ಹಿಡಿದು ಕರೆಯುವುದಿಲ್ಲ. ಕಾಕಾ ಬಾಗಿಲಿನ ಕಡೆ ಮುಖ ತಿರುಗಿಸಿದ.

"ಮದಿವ್ಯಾಗ ಹೆಂಡ್ತಿ ಹೆಸರ ಕೂಡಿಸಿ ಒಡಪ ಹಾಕಿ ಒಮ್ಮಿ ಹೇಳಿದ್ದೆ ನೋಡಪಾ, ಎಲ್ಲಾರೂ ನಕ್ಕಿದ್ರು. ಆಮ್ಯಾಲ ಬಾಯಾಗ ಬಂದಿದ್ದಿಲ್ಲ" ಎಂದ. ಆಮೇಲೆ, ಮೆಲ್ಲಗೆ, ಹೇಳಿದ.

ಆ ಹೆಸರನ್ನು ನಾನು ಎಲ್ಲಿಯೂ ಬರೆದುಕೊಂಡಿಲ್ಲ. ನೀವು ಎಷ್ಟೇ ಆಪ್ತರಾದರೂ ಇಲ್ಲಿಯೂ ಬರೆಯಲಾರೆ.