ಊರಿನವರ ಚಹಾ

ಮುಂಬಯಿ ಹತ್ತಿರದ ಠಾಕುರ್ಲಿಯಲ್ಲಿದ್ದ ನನ್ನ ಭಾವ ತೀರಿಕೊಂಡ ಮೇಲೆ ಅವರ ಮಗಳು ಶ್ವೇತಾ ಇಂಜಿನಿಯರಿಂಗ್ ಅರ್ಧಕ್ಕೆ ಬಿಟ್ಟಳು. ಕೆಲಸಕ್ಕೆ ಸೇರಲು ಹನ್ನೆರಡನೆಯ ತರಗತಿಯ ಒರಿಜಿನಲ್ ಮಾರ್ಕ್ಸ್‌ಕಾರ್ಡ್ ಬೇಕಿತ್ತು. ಸೇರುವಾಗ ಕೊಟ್ಟಿದ್ದ ಅದು ನವಿ ಮುಂಬಯಿಯ ಆ ಕಾಲೇಜಿನ ಕಪಾಟಿನಲ್ಲಿತ್ತು.

ನಾವಿಬ್ಬರೂ ಹೋದಾಗ ಅಲ್ಲಿನ ಗುಮಾಸ್ತರು ಯಾರೊಡನೆಯೋ ಫೋನಿನಲ್ಲಿ ಕನ್ನಡ ಮಾತಾಡುವುದು ಕೇಳಿ ನನಗೆ ಧೈರ್ಯ ಬಂತು. ಅವರೂ ನಮ್ಮ ಹಾಗೆ ಕುಂದಾಪುರದವರೇ. ಚಹಾ ತರಿಸಿದರು.

“ಉಳಿದ ವರ್ಷಗಳ ಫೀಸು ಕಟ್ಟದೆ ಕೊಡುವ ಹಾಗಿಲ್ಲ ಮಾರಾಯ್ರೆ.”

“ಕಲಿಯದ ವರ್ಷಕ್ಕೂ ಫೀಸಾ? ಇದಕ್ಕೆ ಕಾನೂನು ಇಲ್ವಾ?”

“ಉಂಟಲ್ಲ, ದೂರು ಕೊಡಿ. ದೂರಿನ ಜೊತೆ ಒರಿಜಿನಲ್ ತೋರಿಸಬೇಕಾಗ್ತದೆ.”

“ಅದು ನಿಮ್ಮ ಹತ್ರವೇ ಉಂಟಲ್ಲ.”

“ಹೌದು. ಭದ್ರವಾಗಿ ಉಂಟು.”

ವಾಪಸು ಬರುವಾಗ ಲೋಕಲ್‌ನಲ್ಲಿ ಶ್ವೇತಾ ಹಿಂದಿಯಲ್ಲಿ ಕೇಳಿದಳು: “ಮಾಮಾ, ಅವರು ನಮ್ಮ ಊರಿನವರಲ್ಲದಿದ್ದರೆ ಏನಾಗುತ್ತಿತ್ತು?”

ಚಹಾ ಸಿಗುತ್ತಿರಲಿಲ್ಲ, ಎಂದೆ.